ಟೈಲರಮ್ಮನ ಮನೆಯ ಹಸಿರು ತಂತಿ

ಆ ಚಾರ್ಜರ್ ಕಿತ್ತು ಪಕ್ಕಕ್ಕಿಡಿ ಮೊದಲು. ಈ ವಿಷಯ ಹೇಳುವಾಗ ಗೋಡೆಯಿಂದ ತಂತಿ ನೇತಾಡ್ತಿದ್ರೆ ನನಗೆ ಆಗಲ್ಲ. ನಗಿ, ನಗಿ... ಮುಗಿದ ಮೇಲೂ ನಗು ಉಳಿದಿದ್ರೆ ಆಗ ಮಾತಾಡೋಣ.

ಇದು ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಅವನು ಮನೆಯ ಹಿಂದಿನ ಕೋಣೆಯಲ್ಲಿ ಕೆಟ್ಟ ಬೋರ್ಡುಗಳನ್ನ ರಿಪೇರಿ ಮಾಡ್ತಿದ್ದ. ಟಿವಿ, ಫ್ರಿಜ್, ವಾಷಿಂಗ್ ಮಷೀನು, ಏನು ತಂದ್ರೂ ಸರಿ. ಮದುವೆ ಊಟಕ್ಕೆ ಹೋದ್ರೂ ಜೇಬಲ್ಲಿ ಕರೆಂಟು ಅಳೆಯೋ ಮೀಟರ್ ಇರೋದು, ಅದಕ್ಕೇ ಎಲ್ಲರೂ ಮೀಟರಣ್ಣ ಅನ್ನೋರು. ಕೈಯಲ್ಲಿ ಕಸುಬಿತ್ತು. ಮೈ ಬಗ್ಗಿಸೋದು ಮಾತ್ರ ಕಡಿಮೆ.

ಅವತ್ತು ರಾತ್ರಿ ಹತ್ತು ದಾಟಿತ್ತು. ಹಳೇ ಬಾವಿ ಪಕ್ಕದ ದಾರಿಯಲ್ಲಿ ಒಬ್ಬನೇ ಮನೆಗೆ ಬರ್ತಿದ್ದ. ಕೈಚೀಲದಲ್ಲಿ ಒಂದು ವಾಷಿಂಗ್ ಮಷೀನಿನ ಬೋರ್ಡು, ಅದರ ತಂತಿಗಳ ಸಮೇತ. ಟೈಲರಮ್ಮನ ಮನೆಯದು.

ಟೈಲರಮ್ಮ ಸತ್ತು ಆಗಲೇ ಎರಡು ತಿಂಗಳು. ಒದ್ದೆ ಕೈಯಲ್ಲಿ ಅದೇ ಮಷೀನು ಮುಟ್ಟಿದ್ದಳು... ಅಷ್ಟೇ. ಕೂಗೋದಕ್ಕೂ ಪುರುಸೊತ್ತು ಸಿಗಲಿಲ್ಲ. ಬೋರ್ಡು ಕೊಟ್ಟಿದ್ದು ಅವಳ ಮಗ, ಲಾರಿ ಡ್ರೈವರು.

"ಸರಿ ಮಾಡಿಕೊಡಿ ಮೀಟರಣ್ಣ. ಮಾರಿಬಿಡ್ತೀನಿ, ಕಣ್ಣೆದುರು ಇರೋದು ಬೇಡ."

"ನಿನ್ನ ಹೆಂಡತಿ ಎಲ್ಲಪ್ಪಾ? ಕಾಣಲಿಲ್ಲ?"

"ತವರಿಗೆ ಅಟ್ಟಿದೀನಿ. ನೆಲದ ನೀರು ಒರೆಸದೆ ನಮ್ಮಮ್ಮನ್ನ ಕೊಂದಳು. ಇನ್ನು ಈ ಹೊಸ್ತಿಲು ತುಳಿಯೋ ಹಾಗಿಲ್ಲ."

ಮೀಟರಣ್ಣ ಬೋರ್ಡು ಚೀಲಕ್ಕೆ ಹಾಕಿಕೊಂಡು ಹೊರಟ. ಕೊಂದಿದ್ದು ಸೊಸೆ ಅಲ್ಲ ಅಂತ ಅವನಿಗೆ ಗೊತ್ತಿತ್ತು.

ಟೈಲರಮ್ಮ ಸಾಯೋ ಎರಡು ವಾರ ಮೊದಲು ಆ ಮಷೀನು ಹಾಕಿದಾಗೆಲ್ಲ ಮನೆ ಫ್ಯೂಸು ಢಬ್ ಅಂತ ಹಾರ್ತಿತ್ತು. ಇವನನ್ನೇ ಕರೆಸಿದ್ರು. ಹಿಂದಿನ ಮುಚ್ಚಳ ಬಿಚ್ಚಿ ನೋಡ್ತಾನೆ, ಬೋರ್ಡಿನ ಮೂಲೆ ಸುಟ್ಟು ಕರಿ ಹಿಡಿದು ಅಲ್ಲಿಂದ ಕರೆಂಟು ಮಷೀನಿನ ಮೈಗೆ ಇಳೀತಿದೆ. ಮೈಗೆ ಇಳಿದ ಕರೆಂಟನ್ನ ಹಸಿರು ತಂತಿ ಹಿಡಿದು ನೆಲಕ್ಕೆ ಕಳಿಸುತ್ತೆ, ಫ್ಯೂಸು ಹಾರುತ್ತೆ, ಜನ ಬದುಕ್ತಾರೆ. ಆ ತಂತಿ ಇರೋದೇ ಅದಕ್ಕೆ. ಬೋರ್ಡು ಬಿಚ್ಚಿ, ಕರಿ ಕೆರೆದು, ಹೊಸದಾಗಿ ಬೆಸುಗೆ ಹಾಕಬೇಕಂದ್ರೆ ಅರ್ಧ ದಿನದ ಕೆಲಸ. ನಮ್ಮಣ್ಣನಿಗೆ ಇನ್ನೆಲ್ಲಿಗೋ ಹೋಗೋದಿತ್ತು. ಕಟ್ಟರ್ ತೆಗೆದ. ಹಸಿರು ತಂತಿ ಕತ್ತರಿಸಿದ. ಕಟ್. ಮೇಲೆ ಕಪ್ಪು ಟೇಪು ಸುತ್ತಿದ. ಫ್ಯೂಸು ಹಾರೋದು ನಿಂತೇ ಹೋಯ್ತು, ಮಷೀನು ಗರಗರ ಅಂತ ಓಡ್ತು.

"ಸದ್ಯಕ್ಕೆ ಓಡ್ಲಿ ಅಮ್ಮ, ನಾಳೆ ಬಂದು ಪೂರ್ತಿ ಮಾಡ್ತೀನಿ" ಅಂದಿದ್ದ.

ಹೋಗಲೇ ಇಲ್ಲ. ಸುದ್ದಿ ಕೇಳಿದ ದಿನ ಎಲ್ಲರ ಜೊತೆ ನಿಂತು ಅತ್ತ. ಊರವರು ಸೊಸೆ ಕಡೆ ಬೆರಳು ತೋರಿಸಿದಾಗ ಸುಮ್ಮನಿದ್ದ. ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿರೋದು ಅದಕ್ಕೇ... ಅಣ್ಣನಾದರೂ ಸರಿ.

ಇರಲಿ. ಬಾವಿ ಹತ್ತಿರ ಬಂದ. ಗಾಳಿ ಇಲ್ಲ. ಆಗ ಕೇಳಿಸ್ತು...

ಟಿಕ್.

ಹಲ್ಲಲ್ಲಿ ದಾರ ಕಡಿಯೋ ಸದ್ದು. ನಿಂತ. ಚೀಲದೊಳಗೇನಾದ್ರೂ ಅಲ್ಲಾಡಿರಬೇಕು ಅಂದುಕೊಂಡ. ಎರಡು ಹೆಜ್ಜೆ ಇಟ್ಟ. ಮತ್ತೆ ಟಿಕ್... ಈ ಸಲ ಕಿವಿ ಪಕ್ಕದಲ್ಲೇ.

ಟೈಲರಮ್ಮನಿಗೆ ಯಾವಾಗಲೂ ತುಟಿ ಮಧ್ಯೆ ನಾಲ್ಕು ಗುಂಡುಪಿನ್ನು. ಪಿನ್ನು ಕಚ್ಚಿಕೊಂಡೇ ಮಾತಾಡೋಳು, ಮಾತು ಹಲ್ಲಿನ ಸಂದಿಯಿಂದ ಸೋರೋದು. ಬಾವಿ ಕಡೆಯಿಂದ ಬಂದಿದ್ದು ಅದೇ ಥರದ ಪಿಸುಮಾತು.

"ಎಲ್ಲಿ ಕತ್ತರಿಸ್ದೆ?"

ಓಡಿದ. ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಚೀಲ ಮಾತ್ರ ಬಿಡಲಿಲ್ಲ... ಅದರಲ್ಲಿ ಅವನ ತಪ್ಪಿತ್ತಲ್ಲ, ಬೇರೆಯವರ ಕೈಗೆ ಸಿಕ್ಕರೆ?

ಮರುದಿನ ಮಧ್ಯಾಹ್ನ ಮೂರು ಗಂಟೆ. ಹೌದು, ಹಾಡುಹಗಲು. ಕೋಣೆ ಬಾಗಿಲು ಹಾಕಿಕೊಂಡು ಕೂತ. ಬೋರ್ಡು ಸರಿ ಮಾಡಿ, ಆ ತುಂಡು ಹಸಿರು ತಂತಿ ಕಿತ್ತೆಸೆದು, ಹೊಸದು ಹಾಕಿ ಕೊಟ್ಟುಬಿಟ್ಟರೆ ಯಾರಿಗೂ ಏನೂ ಗೊತ್ತಾಗಲ್ಲ ಅಂತ ಲೆಕ್ಕ. ಮೀಟರ್ ತೆಗೆದ. ಅದರ ಎರಡು ಕಡ್ಡಿಗಳ ಮಧ್ಯೆ ಲೋಹದ ದಾರಿ ಇದ್ದರೆ ಬೀಪ್ ಅನ್ನುತ್ತೆ, ಇಲ್ಲದಿದ್ದರೆ ಸುಮ್ಮನಿರುತ್ತೆ. ಮನುಷ್ಯನ ಮೈ ಮುಟ್ಟಿದರೆ ಯಾವತ್ತೂ ಬೀಪ್ ಬರಲ್ಲ.

ಕಪ್ಪು ಕಡ್ಡಿಯನ್ನ ತುಂಡು ತಂತಿಗೆ ಇಟ್ಟ. ಕೆಂಪು ಕಡ್ಡಿ ಎಡಗೈಯಲ್ಲಿತ್ತು, ತುದಿ ಹೆಬ್ಬೆರಳಿಗೆ ತಾಗಿತ್ತು ಅಷ್ಟೇ.

ಬೀಈಈಪ್...

ಕೈ ತೆಗೆದ, ನಿಂತಿತು. ಮುಟ್ಟಿದ, ಬೀಪ್. ಇನ್ನೊಂದು ಬೆರಳು, ಬೀಪ್. ಮೊಣಕೈ, ಬೀಪ್. ಕೊನೆಗೆ ನಾಲಿಗೆಗೂ ಇಟ್ಟು ನೋಡಿದನಂತೆ, ಹುಚ್ಚ. ಬೀಪ್.

ಹಿಂದಿನಿಂದ ಪಿಸುದನಿ. "ಎಲ್ಲಿ ಕತ್ತರಿಸ್ದೆ? ಹೇಳು."

"ಅ... ಅಲ್ಲೇ ಅಮ್ಮ. ಮೂಲೆಯಲ್ಲಿ."

"ನಂಗಲ್ಲ. ಅವ್ರಿಗೆ ಹೇಳು."

"ಅಮ್ಮ... ನನ್ನ ಜೀವನ ಹೋಗುತ್ತೆ."

"ನಂದು ಹೋಗ್ಲಿಲ್ವಾ?" ಟಿಕ್. "ನನ್ನ ಸೊಸೇನ ಬೈಯೋಳು ನಾನೊಬ್ಳೇ. ಊರಿನ ಬಾಯಿಗೆ ಕೊಟ್ಟೋನು ನೀನು."

ಬದುಕಿದ್ದಾಗ ಅತ್ತೆ ಸೊಸೆ ದಿನಾ ಹಾವು ಮುಂಗುಸಿ. ಅದು ಬೇರೆ ವಿಷಯ.

"ನಾಳೆ ಹೇಳ್ತೀನಿ ಅಮ್ಮ, ಖಂಡಿತ ನಾಳೆ..."

ಆ ಮಾತು ಆಡಬಾರದಿತ್ತು ಅವನು.

ಕಬ್ಬಿಣದ ಮೇಜಿನ ಅಂಚು ಹಿಡಿದು ಎದ್ದ. ಚುರ್! ಮೊಣಕೈವರೆಗೆ ಷಾಕ್. ಬಾಗಿಲ ಚಿಲಕ, ಚುರ್. ನಲ್ಲಿ, ಚುರ್. ಹೆಂಡತಿಗೆ ಹೇಳಿ ಮೇನ್ ಸ್ವಿಚ್ಚು ಆಫ್ ಮಾಡಿಸಿದ, ಮೀಟರ್ ಪೆಟ್ಟಿಗೆಯ ಫ್ಯೂಸೂ ಕೀಳಿಸಿದ. ಅತ್ತಿಗೆ ಅದೇ ಚಿಲಕ ಹಿಡಿದರೆ ಏನೂ ಇಲ್ಲ. ಇವನು ಹಿಡಿದರೆ ಚುರ್. ಊಟಕ್ಕೆ ತಟ್ಟೆ ಮುಟ್ಟಂಗಿಲ್ಲ, ಲೋಟ ಮುಟ್ಟಂಗಿಲ್ಲ. ಮೂರನೇ ದಿನ ಅತ್ತಿಗೆ ಟೆಸ್ಟರ್ ತಂದಳು. ಆ ಸ್ಕ್ರೂಡ್ರೈವರ್ ಥರದ್ದು, ಕರೆಂಟು ಇದ್ದ ಕಡೆ ಇಟ್ಟರೆ ಒಳಗೆ ಕೆಂಪಗೆ ಉರಿಯುತ್ತಲ್ಲ, ಅದು. ಗಂಡನ ತೋಳಿಗೆ ಇಟ್ಟಳು.

ಉರಿಯಿತು.

"ಏನು ಮಾಡಿದೀರಿ ಹೇಳಿ" ಅಂದಳು. ಕಿರುಚಲಿಲ್ಲ, ಮೆಲ್ಲಗೇ ಅಂದಳು. ಅವನು ಎಲ್ಲಾ ಬಾಯಿಬಿಟ್ಟ. ಕೇಳಿ ಟೆಸ್ಟರ್ ಕೆಳಗಿಟ್ಟಳು.

"ನನ್ನ ಹತ್ರ ಹೇಳಿ ಏನು ಬಂತು? ಏಳಿ. ಈಗಲೇ."

ನನಗೆ ಫೋನು ಬಂತು, ನಾನೂ ಹೋದೆ. ಸೊಸೆಯ ತವರು ಮನೆ ಅಂಗಳದಲ್ಲಿ ನಿಂತು, ಅವಳು, ಅವಳಪ್ಪ, ಅಲ್ಲಿಗೇ ಕರೆಸಿದ್ದ ಡ್ರೈವರು, ಎಲ್ಲರೆದುರು ಮೀಟರಣ್ಣ ಹೇಳಿದ. ಎಲ್ಲಿ ಕತ್ತರಿಸಿದೆ, ಯಾಕೆ ಕತ್ತರಿಸಿದೆ, ಎರಡು ತಿಂಗಳು ಹೇಗೆ ಸುಮ್ಮನಿದ್ದೆ, ಒಂದೂ ಬಿಡದೆ. ಅಂದೇ ಪೊಲೀಸರ ಹತ್ತಿರ ಹೋಗಿ ಬರೆದೂ ಕೊಟ್ಟ. ಕೇಸು ಇನ್ನೂ ನಡೀತಿದೆ, ಆಗಲಿ, ಆಗಬೇಕಾದ್ದೇ.

ಡ್ರೈವರು ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದ.

ಚಟ್!

ಅದು ಏಟಿನ ಸದ್ದಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ. ಕಿಡಿ ಹಾರಿದಾಗ ಬರೋ ಸದ್ದು ನನಗೆ ಗೊತ್ತಿಲ್ವಾ? ಮೀಟರಣ್ಣ ಕಬ್ಬಿಣದ ಗೇಟಿಗೆ ಒರಗಿದ... ಆಮೇಲೆ ಬೆಚ್ಚಿಬಿದ್ದು ಗೇಟನ್ನೇ ನೋಡಿದ. ಎರಡೂ ಕೈಯಲ್ಲಿ ಹಿಡಿದ. ಏನೂ ಇಲ್ಲ. ಗೇಟು ಹಿಡಿದುಕೊಂಡು ಮಗು ಥರ ಅತ್ತ.

ಡ್ರೈವರು ಹೆಂಡತಿ ಕಡೆ ತಿರುಗಿದ. "ನಡಿ, ಮನೆಗೆ ಹೋಗೋಣ."

ಏನೂ ಆಗಿಲ್ಲವೇನೋ ಅನ್ನೋ ಹಾಗೆ. ಕ್ಷಮಿಸು ಅನ್ನೋ ಒಂದು ಮಾತಿಲ್ಲ ರೀ.

"ಅವತ್ತು ನೆಲ ಒರೆಸಿದ್ದೆ ಅಂತ ಎಷ್ಟು ಸಲ ಹೇಳ್ದೆ?" ಅಂದಳು ಆಕೆ. "ಒಂದ್ ಸಲ ಬಗ್ಗಿ ನೋಡಿದ್ರಾ? ನಿಮ್ಮಮ್ಮ ಆಗಿದ್ರೆ ನನ್ನ ಬೈತಾನೇ ಬಗ್ಗಿ ನೋಡಿರೋರು. ನೀವು ಹೋಗಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಪ್ಪನೂ ಕರೆಯಲಿಲ್ಲ. ನಾವು ಬಂದ್ವಿ. ಇಲ್ಲಿಗೆ ಮುಗೀತು ಅಂದುಕೊಂಡೆ ನಾನು.

ಮರುದಿನ ಬೆಳಿಗ್ಗೆ ಡ್ರೈವರಿಂದ ನನಗೆ ಫೋನು. "ಬೇಗ ಬಾ... ಯಾರಿಗೂ ಹೇಳ್ಬೇಡ." ಹೋದೆ. ತನ್ನ ಮನೆ ಬಾಗಿಲ ಹೊರಗೇ ನಿಂತಿದ್ದ, ಎರಡೂ ಕೈ ಕಂಕುಳಲ್ಲಿ ಸಿಗಿಸಿಕೊಂಡು. ರಾತ್ರಿಯೆಲ್ಲ ಅಲ್ಲೇ ಕೂತಿದ್ದನಂತೆ.

"ಚಿಲಕ ಮುಟ್ಟೋಕಾಗ್ತಿಲ್ಲ" ಅಂದ. "ಲಾರಿ ಬಾಗಿಲೂ ಅಷ್ಟೇ. ಮೀಟರಣ್ಣನ್ನ ಮುಟ್ಟಿದ್ದಕ್ಕಾ?"

"ಒಳಗೆ ಏನಾದ್ರೂ ಕೇಳಿಸ್ತಾ?" ಅಂತ ಕೇಳಿದೆ.

ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದ. ಪಿಸುಗುಟ್ಟಿದ. "ಅಮ್ಮ ಒಂದೇ ಮಾತು ಕೇಳ್ತಾಳೆ... ನನ್ನ ಸೊಸೆ ಎಲ್ಲೋ, ಅಂತ."

ಅವನ ತೋಳಿಗೆ ಟೆಸ್ಟರ್ ಇಟ್ಟಿದ್ದು ನಾನೇ. ಕೆಂಪಗೆ ಉರಿಯಿತು. ಈ ಕೈ, ಇದೇ ಬೆರಳು. ಇನ್ನೊಬ್ಬರು ಹೇಳಿದ್ದಲ್ಲ.

ಆಕೆ ಇವತ್ತಿಗೂ ಆ ಮನೆಗೆ ಬಂದಿಲ್ಲ. ಹೊಲಿಗೆ ಅಂಗಡಿ ಇಟ್ಟಿದಾಳೆ, ಚೆನ್ನಾಗಿ ನಡೀತಿದೆ. ಡ್ರೈವರು ಲಾರಿ ಬಿಟ್ಟು ಆರು ವರ್ಷ ಆಯ್ತು. ಸುಳ್ಳು ಅನ್ನೋರು ಬೆಳಿಗ್ಗೆ ನನ್ನ ಜೊತೆ ಬನ್ನಿ, ಮನೆ ತೋರಿಸ್ತೀನಿ. ಆ ಬೀದಿಯಲ್ಲಿ ಎಲ್ಲರ ಬಾಗಿಲಿಗೂ ಕಬ್ಬಿಣದ ಚಿಲಕ. ಅವನದಕ್ಕೆ ಮಾತ್ರ ಮರದ ಅಗುಳಿ.