ಬುಟ್ಟಿಯಲ್ಲಿಲ್ಲದ ರೊಟ್ಟಿ

ಇಸವಿ ಎರಡು ಸಾವಿರದ ಮಳೆಗಾಲ. ಅನಗೋಳದ ಗಲ್ಲಿಯಲ್ಲಿ ಎರಡು ದಿನದಿಂದ ಕರೆಂಟಿಲ್ಲದೆ ಹಿಟ್ಟಿನ ಗಿರಣಿ ಬಂದ್ ಆಗಿತ್ತು. ಡಬ್ಬಿಯ ತಳದಲ್ಲಿದ್ದ ಜೋಳದ ಹಿಟ್ಟನ್ನು ಕೆರೆದು ನಾದಿಕೊಂಡು ಪ್ರಮಿಳಾ ಪರಾತದ ಅಗಲ ತಟ್ಟೆಯಲ್ಲಿ ಬೆಳಗಿನ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಇನ್ನೂ ಅರ್ಧ ಅಗಲವಾಗಿತ್ತಷ್ಟೆ, ಬಾಜು ಮನೆಯ ಗೋಡೆಯಾಚೆ ಧಪ್ ಧಪ್ ಎಂದಿತು. ಅವಳ ಕೈ ನಿಂತಿತು.

"ಶಿವಲಿಂಗವ್ವನೂ ರೊಟ್ಟಿಗೆ ಕುಂತಾಳಂತ ಕಾಣತದ, ಬಿಡ್ರಿ," ಎಂದಳು, ಅತ್ತೆಯ ಮುಖ ನೋಡದೆ.

ಒಲೆಯ ಬಿಸಿಗೆ ಕಾಲು ಚಾಚಿ ಕೂತಿದ್ದ ಪದ್ಮವ್ವ ಸೊಸೆಯನ್ನೇ ದಿಟ್ಟಿಸಿದರು. ಆಮೇಲೆ ಮೊಮ್ಮಗಳು ಶೀತಲಳನ್ನು ತೊಡೆಗೆ ಎಳೆದುಕೊಂಡರು.

"ಕುಂದರ ಬಾ. ನೀನೂ ಕೇಳ, ಪ್ರಮಿಳಾ... ನನ್ನ ತವರಮನಿ ಕಡಿ, ಜಾಂಬೋಟಿ ಬಾಜೂಕ, ಕರೆಪ್ಪ ಅಂತ ಒಬ್ಬಾವ ಇದ್ದ. ಗಂಡಸಂತ, ಗಂಡಸು! ಹೊರಗ ಯಾರರ ಜೋರ್ ಮಾತಾಡಿದ್ರ ಅವನ ಧೋತರ ಒದ್ದಿ ಆಗತಿತ್ತು, ಶೂರತನ ಎಲ್ಲಾ ಹೆಂಡತಿ ಸಾವಂತ್ರವ್ವನ ಬೆನ್ನ ಮ್ಯಾಲ. ಒಂದಿನ ಸಂಜಿಕ, ಇಂಥದ ಮಳ್ಯಾಗ ಬಡದ, ಬಡದ... ಆಕಿ ಉಸಿರ ನಿಲ್ಲೂಮಟ ಬಡದ. ಬೆಳಗಾವಿ ಕೋರ್ಟಿನ್ಯಾಗ ಕೇಸ್ ನಡೀತು. ಬಾಜು ಮನಿ ಹಣಮಪ್ಪ, ಊರಿಗೆಲ್ಲಾ ಹಿರ್ಯಾ, ರುಮಾಲ ಸುತಗೊಂಡ ಹೋಗಿ ಸಾಕ್ಷಿ ಹೇಳಿದ: ಸಪ್ಪಳ ಕೇಳಿತ್ರೀ ಸಾಹೇಬ್ರ, ಖರೇ, ಆದ್ರ ರೊಟ್ಟಿ ಬಡ್ಯಾಕತ್ತಾಳಂತ ತಿಳಕೊಂಡ್ವಿ... ಏನ್ ಶ್ಯಾಣ್ಯಾತನ ನೋಡ! ಜಡ್ಜ ಸಾಹೇಬ್ರು ಕೇಳಿದ್ರಂತ, ಅಷ್ಟೊತ್ತು ಬಡದ ರೊಟ್ಟಿ ಎಲ್ಲಿ ಹೋದ್ವು ಯಜಮಾನರ, ಬುಟ್ಟಿ ಖಾಲಿ ಇತ್ತಲ್ಲ?

"ಶಿಕ್ಷಾ ಹೇಳೂ ದಿನಾ, ನಿಂದೇನರ ಹೇಳೂದೈತೇನು ಅಂತ ಕರೆಪ್ಪನ್ನ ಕೇಳಿದ್ರು. ಆ ಹೇಡಿ ಕೈ ಮುಗದು ಗೊಳೋ ಅಂತ ಅತ್ತ. ಮನ್ಯಾಗ ರೊಟ್ಟಿ ಮಾಡಿ ಹಾಕೋರಿಲ್ರೀ, ನನ್ನ ತಾಯಿ ಉಪಾಸ ಅದಾಳ, ಶಿಕ್ಷಾ ಕಡಿಮಿ ಮಾಡ್ರಿ ಅಂತ! ಕೇಳಿದೇನ? ಮಾಡಿ ಹಾಕಾಕಿನ್ನ ತಾನ ಕೊಂದು! ಜೀವ ಇರೂಮಟ ಜೇಲು ಅಂತ ಬರದು ಕಳಿಸಿದ್ರು.

"ಹಣಮಪ್ಪ ಬಸ್ಸಿಂದ ಇಳದು ಮನಿಗೆ ಬಂದಾನ... ಅಡಗಿಮನ್ಯಾಗ ಧಪ್, ಧಪ್. ಹೆಂಡತಿ ಹೊಲಕ್ಕ ಹೋಗ್ಯಾಳ, ಬ್ಯಾರೆ ಯಾರೂ ಇಲ್ಲ. ಬಗ್ಗಿ ನೋಡತಾನ, ಒಲಿ ತಣ್ಣಗ. ಖಾಲಿ ಪರಾತ ತಾನ ನಡಗಾಕತ್ತೈತಿ... ಯಾರೋ ಒಬ್ಬಾಕಿ ಮುಂದ ಕುಂತು ಬಡದಂಗ! ಕಿವ್ಯಾಗ ಅರಿವಿ ತುರುಕ್ಕೊಂಡ, ನಿಲ್ಲಲಿಲ್ಲ. ರೊಟ್ಟಿ ಮುರದ್ರ ವಾಂತಿ. ಒಣಗಿ ಒಣಗಿ ಸತ್ತ, ದೊಡ್ಡ ಹಿರ್ಯಾ!

"ಅಲ್ಲಿಗೆ ಸಾವಂತ್ರವ್ವ ಹ್ವಾದಳಂತ ತಿಳದೇನ? ‘ಬಿಡು, ರೊಟ್ಟಿ ಸಪ್ಪಳ’ ಅಂತ ಯಾವ ಮನ್ಯಾಗ ಅಂತಾರೋ... ಆ ಮನಿ ಒಲಿ ಮುಂದ ಬಂದ ಕುಂದರತಾಳ. ಇವತ್ತಿಗೂ."

ಗೋಡೆಯಾಚೆ ಸದ್ದು ನಿಂತಿರಲಿಲ್ಲ. ಪ್ರಮಿಳಾ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಆದರೂ ಅವಳ ಮುಂದಿನ ಪರಾತ ಸಣ್ಣಗೆ ನಡುಗುತ್ತಿತ್ತು.

ಶೀತಲ ಅಜ್ಜಿಯ ತೊಡೆಯಿಂದ ಎದ್ದು ಬಂದು ತಾಯಿಯ ಸೆರಗು ಜಗ್ಗಿದಳು.

"ಅವ್ವಾ, ಬಾಜು ಮನಿ ಶಿವಲಿಂಗವ್ವ ಕಾಕು ನಿನ್ನೆ ಹಿಟ್ಟು ಕೇಳಾಕ ಬಂದಿದ್ರಲ್ಲ, ನಮ್ಮಲ್ಲೂ ಇಲ್ಲಂತ ಖಾಲಿ ಬೋಗುಣಿ ಹೊಳ್ಳಿ ಕೊಟ್ಟ ಕಳಿಸಿದಿ... ಮತ್ತ ಈಗ ಅಲ್ಲೆ ಏನ ಬಡ್ಯಾಕತ್ತಾರ?"