ಬಳೆ ಅಂಗಡಿಯ ಕಟ್ಟೆಯ ಮೇಲೆ ನಮ್ಮವ್ವ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಕಸ್ತೂರಿ ಅವರೇ, ವಿಜಯಪುರದಿಂದ ಬಂದಿರುವ ಅತಿಥಿಗಳೇ, ಸನ್ಮಾನ ಸ್ವೀಕರಿಸಲಿರುವ ನನ್ನ ಮಿತ್ರ ಅಯೂಬ ಅವರೇ, ತಿಕೋಟಾದ ಎಲ್ಲ ಓಣಿಗಳ ಹಿರಿಯರೇ, ಊಟದ ವಾಸನೆ ಬಂದರೂ ಇನ್ನೂ ಎದ್ದು ಹೋಗದ ಸಭಿಕರೇ, ಎಲ್ಲರಿಗೂ ಶರಣು.

ನಮ್ಮ ನೆನಪಿನ ಹಬ್ಬಕ್ಕೆ ಇದು ಮೂರನೆಯ ವರ್ಷ. ಬೆಳಿಗ್ಗೆಯಿಂದ ಮಕ್ಕಳು ಈ ಶಾಲೆಯ ಬಯಲಲ್ಲಿ ಚೀಲದ ಓಟ ಓಡಿದ್ದಾರೆ, ಪಟ ಹಾರಿಸಿದ್ದಾರೆ. ಹೆಣ್ಣುಮಕ್ಕಳು ರಂಗೋಲಿ ಹಾಕಿದ್ದಾರೆ. ಗೋಡೆಯುದ್ದಕ್ಕೂ ನಮ್ಮನ್ನು ಅಗಲಿದವರ ಫೋಟೋಗಳಿವೆ, ಅವುಗಳ ಮುಂದೆ ಅವರಿಗೆ ಇಷ್ಟವಾದ ಅಡುಗೆಯಿದೆ. ಅಳುವುದಕ್ಕೆ ಮನೆಯಿದೆ, ಇಲ್ಲಿ ಅವರ ಬಗ್ಗೆ ಸಂತೋಷದ ಮಾತು ಆಡೋಣ ಎಂದು ನಾವು ಈ ಹಬ್ಬ ಶುರು ಮಾಡಿದೆವು. ಸಮಿತಿಗೆ ಈ ಸುಭಾಷನೇ, ಅಂದರೆ ನಾನೇ, ಮುಖ್ಯಸ್ಥ. ಅಯೂಬ ಅವರ ಪರಿಚಯ ಮಾಡಿಕೊಡುವ ಕೆಲಸವೂ ನನಗೇ ಬಂದಿದೆ.

ಅಯೂಬ ನನ್ನ ಓರಗೆಯವರು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವರ ಬಳೆ ಅಂಗಡಿ. ಅವರ ಪರಿಚಯ ಇಷ್ಟೇ. ಆದರೆ ಅವರನ್ನು ಪರಿಚಯಿಸಬೇಕಾದರೆ ಮೊದಲು ನಮ್ಮವ್ವನನ್ನು ಪರಿಚಯಿಸಬೇಕು.

ನಮ್ಮವ್ವ ತಾಯವ್ವನನ್ನು ನೀವೆಲ್ಲ ಬಲ್ಲಿರಿ. ನಾನು ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡರು. ಎರಡು ಎಮ್ಮೆ ಕಟ್ಟಿ, ಮೊಸರಿನ ಗಡಿಗೆ ತಲೆಯ ಮೇಲೆ ಹೊತ್ತು, ಬಸ್ಸು ಹತ್ತಿ ಚೌಕಕ್ಕೆ ಹೋಗಿ ಮಾರಿ ನನ್ನನ್ನು ಬೆಳೆಸಿದಳು. ಮನೆಯಲ್ಲಿ ಮಾತು ಕಡಿಮೆ. ನಗು? ನಾನು ನೋಡಿದ್ದು ನೆನಪಿಲ್ಲ. ಅವಳ ಸ್ವಭಾವವೇ ಅಂಥದ್ದು ಎಂದು ನಾನು ತಿಳಿದಿದ್ದೆ. ಅವಳು ತೀರಿಕೊಂಡ ಮೇಲೆ, ಮೊದಲ ವರ್ಷದ ಹಬ್ಬದಲ್ಲಿ ಅವಳ ಆಳೆತ್ತರದ ಫೋಟೋ ಮಾಡಿಸಿದೆ, ಶೇಂಗಾ ಹೋಳಿಗೆ ಮಾಡಿಸಿದೆ. ನಮ್ಮವ್ವ ಗಂಭೀರೆ, ನಮ್ಮವ್ವ ತ್ಯಾಗಮಯಿ ಎಂದು ಬಹಳ ಹೊತ್ತು ಮಾತಾಡಿದೆ. ಆಗ ನಿದ್ದೆ ಹೋದವರು ಯಾರ‍್ಯಾರೆಂದು ನನಗೆ ಗೊತ್ತಿದೆ, ಹೆಸರು ಹೇಳುವುದಿಲ್ಲ.

ನಾನು ಮುಗಿಸುತ್ತಿದ್ದಂತೆ ಗುರುತಿಲ್ಲದ ಒಬ್ಬ ಮನುಷ್ಯ ಮುಂದೆ ಬಂದ. ಕೈಯಲ್ಲೊಂದು ರಟ್ಟಿನ ಡಬ್ಬಿ. "ಅಣ್ಣಾರ, ಮಾವಶಿ ಬಗ್ಗೆ ನಾನೂ ಒಂದೆರಡು ಮಾತು ಹೇಳ್ಲೇನ್ರಿ?" ಎಂದ. ಮಾವಶಿ! ನನ್ನವ್ವ ಇವನಿಗೆ ಯಾವಾಗ ಚಿಕ್ಕಮ್ಮ ಆದಳು?

ಆ ಮನುಷ್ಯನೇ ಅಯೂಬ. ಅವ್ವ ದಿನಾ ಅವರ ಅಂಗಡಿಯ ಕಟ್ಟೆಯ ಮೇಲೆಯೇ ಮೊಸರು ಮಾರುತ್ತಿದ್ದಳಂತೆ. ಬಸ್ಸಿನ ಕಂಡಕ್ಟರನ ಹಾಗೆ, ಚೌಕಾಶಿ ಮಾಡುವ ಗಿರಾಕಿಗಳ ಹಾಗೆ ದನಿ ತೆಗೆದು ಓಣಿಯನ್ನೆಲ್ಲ ನಗಿಸುತ್ತಿದ್ದಳಂತೆ. ತಾನೂ ಗಡಿಗೆ ಅಲುಗಾಡುವ ಹಾಗೆ ನಗುತ್ತಿದ್ದಳಂತೆ. ಮಧ್ಯಾಹ್ನ ಮೊಸರು ಖಾಲಿಯಾದ ಮೇಲೆ ಅಯೂಬನ ತಾಯಿ ಅವಳ ಎರಡೂ ಕೈಗೆ ಹಸಿರು ಬಳೆ ಇಡುತ್ತಿದ್ದಳಂತೆ. ಗಂಡ ಸತ್ತವಳಿಗೆ! ಅವ್ವ ಕೈ ಆಡಿಸಿ ಆಡಿಸಿ ಸಪ್ಪಳ ಕೇಳಿ, ಬಸ್ಸಿನ ಹೊತ್ತಿಗೆ ಬಳೆಗಳನ್ನು ಬಿಚ್ಚಿಟ್ಟು ಊರಿಗೆ ಬರುತ್ತಿದ್ದಳಂತೆ. ಡಬ್ಬಿಯಲ್ಲಿ ಆ ಬಳೆಗಳಿದ್ದವು.

ಸಭಿಕರೇ, ಆವತ್ತು ನೀವೆಲ್ಲ ಏನು ಮಾಡಿದಿರಿ? ಅಯೂಬನ ಸುತ್ತ ಕೂತಿರಿ. ಕಂಡಕ್ಟರನ ಹಾಗೆ ಇನ್ನೊಮ್ಮೆ ಮಾತಾಡಿ ತೋರಿಸಲು ಹೇಳಿದಿರಿ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿರಿ. ನನ್ನ ಆಳೆತ್ತರದ ಫೋಟೋದ ಹತ್ತಿರ ಯಾರಿದ್ದರು? ನಾನಿದ್ದೆ, ಹೋಳಿಗೆಗಳಿದ್ದವು.

ಎರಡನೆಯ ವರ್ಷ ಸಮಿತಿ ಒಂದು ನಿಯಮ ಮಾಡಿತು. ಸತ್ತವರ ಬಗ್ಗೆ ಮನೆಯವರು ಮಾತ್ರ ಮಾತಾಡಬೇಕು, ಹೊರಗಿನವರು ಮಾತಾಡಕೂಡದು. ಇದನ್ನು ಶಿಸ್ತಿಗಾಗಿ, ಸಮಯ ಪಾಲನೆಗಾಗಿ ಮಾಡಿದ್ದು. ಯಾರೊಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಯಾಕೆ ನಗುತ್ತೀರಿ?

ಅಯೂಬ ಆ ವರ್ಷವೂ ಬಂದರು. ನಿಯಮ ಕೇಳಿ ತಲೆಯಾಡಿಸಿದರು. ಅವ್ವನ ಫೋಟೋಕ್ಕೆ ಕೈಮುಗಿದು, ಹಿಂದಿನ ಸಾಲಿನಲ್ಲಿ ಕೂತು ಚಹಾ ಕುಡಿದು ಹೋದರು. ನಾನು ಹಿಂದಿನ ವರ್ಷದ ಮಾತುಗಳನ್ನೇ ಮತ್ತೆ ಆಡಿದೆ. ಕೇಳುವವರಿರಲಿಲ್ಲ. ಕೊನೆಗೆ ನನ್ನ ಮಗಳು ವಿಶಾಖಾ ಹತ್ತಿರ ಬಂದು ಕೇಳಿದಳು. ಅಜ್ಜಿಯನ್ನು ಅವಳು ಆಯಿ ಎನ್ನುತ್ತಾಳೆ. "ಅಪ್ಪಾ, ಆಯಿ ನಕ್ಕರ ಹೆಂಗ ಕಾಣ್ತಿದ್ಲು?"

ಒಂದೇ ಮನೆಯಲ್ಲಿ ಇಡೀ ಆಯುಷ್ಯ ಕಳೆದವನು ನಾನು. ಕೊನೆಗಾಲದಲ್ಲಿ ಅವಳಿಗೆ ತುತ್ತು ಮಾಡಿ ಉಣಿಸಿದವನು ನಾನು. ಈ ಒಂದು ಪ್ರಶ್ನೆಗೆ ಉತ್ತರ ಇದ್ದದ್ದು ಗಾಂಧಿ ಚೌಕದ ಬಳೆಗಾರನ ಹತ್ತಿರ. ಹೊಟ್ಟೆ ಉರಿಯಬಾರದೇ?

ಆ ವಾರವೇ ಗಾಡಿ ತೆಗೆದುಕೊಂಡು ಚೌಕಕ್ಕೆ ಹೋದೆ. ಜಗಳ ಆಡಲಿಕ್ಕೇ ಹೋದೆ ಅಂದುಕೊಳ್ಳಿ. ಅಯೂಬ ಗಿರಾಕಿಗಳನ್ನು ಬಿಟ್ಟು ಎದ್ದು ಬಂದು, ಕಟ್ಟೆ ಒರೆಸಿ, ಅವ್ವ ಕೂಡುತ್ತಿದ್ದ ಜಾಗದಲ್ಲೇ ನನ್ನನ್ನು ಕೂಡಿಸಿದರು. ಚಹಾ ತರಿಸಿದರು. ನಾನು ಕೇಳಬೇಕೆಂದು ಹೋದದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು. "ನಮ್ಮವ್ವ ಆ ಬಳಿ ಹಾಕ್ಕೊಂಡು ಮನೀಗಿ ಯಾಕ ಬರ್ಲಿಲ್ಲ? ನನಗ ಅಂಜತಿದ್ಲೇನು?" ಎಂದೆ.

ಅಯೂಬ ಹೇಳಿದ ಮಾತನ್ನು ಹಾಗೆ ಹಾಗೇ ಹೇಳುತ್ತೇನೆ. "ನಿಮಗ ಅಂಜಿ ಅಲ್ರಿ ಅಣ್ಣಾರ. ನಮ್ಮ ಅಮ್ಮೀನೂ ಒಂದಿನ ಇದನ್ನ ಕೇಳಿದ್ಲು. ಅದಕ್ಕ ಮಾವಶಿ ಅಂದ್ಲು, 'ನನ್ನ ಮಗ ಬ್ಯಾಡ ಅನ್ನಾಂವಲ್ಲ ಬೀಬಿ, ಅವಗ ಖುಷೀನ ಆಗ್ತೈತಿ. ಆದ್ರ ಊರಾಗ ಯಾರರೆ ಒಂದು ಮಾತು ಆಡಿದ್ರ ಅಂವ ಸುಮ್ಮ ಇರಾಂವಲ್ಲ. ನನ್ನ ಬಳಿ ಸಲುವಾಗಿ ಅಂವ ಮಂದೀ ಕೂಡ ಬಡದಾಡೂದು ಬ್ಯಾಡ.'"

ಚಹಾ ಆರಿ ಹೋಯಿತು. ಅವ್ವ ನನ್ನನ್ನು ಎದುರಿಗೆ ಒಮ್ಮೆಯೂ ಹೊಗಳಿದವಳಲ್ಲ. ಹೊಗಳಿದ್ದು ಹೀಗೆ, ಬೇರೆಯವರ ಅಂಗಡಿಯಲ್ಲಿ, ಬೇರೆಯವರ ತಾಯಿಯ ಎದುರು. ಆ ಮಾತೂ ನನಗೆ ಸಿಕ್ಕಿದ್ದು ಅಯೂಬನ ಬಾಯಿಂದಲೇ. ಸಂತೋಷವಾಯಿತೇ ಎಂದರೆ ಆಯಿತು. ಹೊಟ್ಟೆಕಿಚ್ಚು ಆರಿತೇ ಎಂದರೆ ಇಲ್ಲ, ಇನ್ನಷ್ಟು ಹೆಚ್ಚಾಯಿತು.

ಹೊರಡುವಾಗ ಅಯೂಬ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಇವು ನಿಮ್ಮ ಮನೆಯವು ಎಂದರು. ಬೇಡ ಎನ್ನುವ ದೊಡ್ಡತನ ನನ್ನಲ್ಲಿರಲಿಲ್ಲ. ತೆಗೆದುಕೊಂಡೆ. ಮನೆಗೆ ತಂದು ತೋರಿಸಿದಾಗ ವಿಶಾಖಾ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಆಯಿಗೆ ಇದರಲ್ಲಿ ಯಾವುದು ಹೆಚ್ಚು ಇಷ್ಟವಿತ್ತು ಎಂದಳು. ಅದೂ ಅಯೂಬ ಅವರಿಗೇ ಗೊತ್ತು!

ಆದ್ದರಿಂದ ಸಭಿಕರೇ, ಆ ನಿಯಮವನ್ನು ನಾನೇ ತೆಗೆಸಿದ್ದೇನೆ. ಈ ಸನ್ಮಾನವನ್ನು ಸೂಚಿಸಿದವನೂ ನಾನೇ. ಸುಭಾಷನಿಗೆ ಎಷ್ಟು ದೊಡ್ಡ ಮನಸ್ಸು ಎಂದು ಕೆಲವರು ಹೊಗಳಿದ್ದು ಕಿವಿಗೆ ಬಿದ್ದಿದೆ. ದಯವಿಟ್ಟು ಹಾಗೆ ತಿಳಿಯಬೇಡಿ. ನನ್ನ ಅವ್ವನ ಅರ್ಧ ಆಯುಷ್ಯ ಈ ಮನುಷ್ಯನ ಹತ್ತಿರ ಇದೆ. ಅದು ನನಗೆ ಬೇಕು. ಕೇಳಿ ಪಡೆಯದೆ ಬೇರೆ ದಾರಿಯಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅಯೂಬ ಭಾಯಿ, ಈ ಶಾಲು ಹೊದ್ದುಕೊಳ್ಳಿ, ಮೈಕಿನ ಮುಂದೆ ಬನ್ನಿ. ಎಲ್ಲರಿಗೂ ಸಮಯದ ಮಿತಿ ಇದೆ, ನಿಮಗಿಲ್ಲ. ನಾನು ಕೆಳಗಿಳಿದು ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಕೂಡುತ್ತೇನೆ. ಅವ್ವನನ್ನು ನಗಿಸಿ. ನಾವಿಬ್ಬರೂ ನೋಡಬೇಕು.

ಇಷ್ಟು ಹೊತ್ತು ಎಚ್ಚರವಾಗಿದ್ದು ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.