ದೇವೀರಮ್ಮನ ಕಡೇ ಮುದ್ದೆ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಅವರೆಕಾಯಿ ಮೊರ ಇತ್ಲಾಗಿ ತಳ್ಳಿ. ಕೈ ಸುಲೀತಾ ಇರಲಿ, ಕಿವಿ ನನ್ನ ಕಡೆ ಇರಲಿ. ನಾನು ಹೇಳ್ತೀನಿ, ನೀವು ಹೂಂ ಅನ್ನಬೇಕು. ನಿಮ್ಮ ಹೂಂ ನಿಂತ ಕಡೆ ನನ್ನ ಕಥೇನೂ ನಿಂತುಬಿಡುತ್ತೆ, ಆಮೇಲೆ ಎಷ್ಟು ಗೋಗರೆದರೂ ಏಳಲ್ಲ.

ಇಂಥದ್ದೇ ಅಂತ ಹೇಳಕ್ಕಾಗದ ಒಂದು ಸೀಮೆ. ಆ ಸೀಮೆಗೊಬ್ಬ ರಾಜ. ಅವನಿಗೆ ಪ್ರಾಣಿಗಳು ಅಂದ್ರೆ ಪ್ರಾಣ. ಊರಾಚೆ ಒಂದು ದೊಡ್ಡ ತೋಪು, ತೋಪಿನ ಸುತ್ತ ಕಲ್ಲಿನ ಗೋಡೆ, ಗೋಡೆಗೆ ಒಂದೇ ಬಾಗಿಲು. ಒಳಗೆ ಏನಿತ್ತು ಅಂತ ಕೇಳಿ. ಆನೆ ಇತ್ತು, ಹುಲಿ ಇತ್ತು, ಕರಡಿ ಇತ್ತು, ಜಿಂಕೆ ಇತ್ತು, ಗಿಣಿ ಇತ್ತು, ಕೋತಿಗಳಂತೂ ಮರಕ್ಕೊಂದು ಹಿಂಡು. ಸಮುದ್ರದಾಚೆಯಿಂದ ಹಡಗಲ್ಲಿ ತರಿಸಿದ ಪಟ್ಟೆಕುದುರೆಗಳೂ ಇದ್ವು, ಮೈತುಂಬ ಕಪ್ಪು ಬಿಳಿ ಪಟ್ಟೆ. ಗೋಡೆ ಆಚೆಗೆ ಏನು? ಕಾಡು. ಕಾಡಲ್ಲಿ ಚಿರತೆ.

ಇಷ್ಟೆಲ್ಲ ಪ್ರಾಣಿಗಳ ಲೆಕ್ಕ ಇಡೋರು ಯಾರು? ದೇವೀರಮ್ಮ.

ಲೆಕ್ಕ ಅಂದ ಕೂಡಲೇ ಕರಣಿಕರ ಕಡತ ನೆನಸ್ಕೋಬೇಡಿ. ಬೆರಳು ಮಾಡಿ ಎಣಿಸೋದು ಆ ತೋಪಲ್ಲಿ ನಿಷಿದ್ಧ. ಜೀವ ಇರೋದನ್ನ ಒಂದು, ಎರಡು ಅಂತ ಎಣಿಸಿದರೆ ದೃಷ್ಟಿ ಆಗುತ್ತೆ ಅಂತ. ನಮ್ಮ ಮನೇಲಿ ಮಕ್ಕಳನ್ನ ಎಣಿಸ್ತೀವಾ? ಹಂಗೇ. ಅದಕ್ಕೆ ರಾಜನ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇತ್ತು. ಹುಲ್ಲು ತಿನ್ನೋರು ಹುಲ್ಲು ತಿನ್ನಲಿ, ಮಾಂಸ ತಿನ್ನೋರು ಮಾಂಸ ತಿನ್ನಲಿ. ಅದಾದ ಮೇಲೆ ಸಂಜೆಗೆ ಒಬ್ಬೊಬ್ಬರಿಗೆ ಒಂದೊಂದು ರಾಗಿಮುದ್ದೆ. ಆನೆಗೂ ಒಂದೇ, ಗಿಣಿಗೂ ಒಂದೇ, ಎಲ್ಲರದ್ದೂ ಒಂದೇ ಗಾತ್ರ. ಆನೆ ಗುಳುಕ್ ಅಂತ ನುಂಗಿಬಿಡೋದು, ಗಿಣಿ ಕತ್ತಲಾಗೋವರೆಗೂ ಕುಕ್ಕುತ್ತಾ ಕೂರೋದು. ಹುಲಿ ಮುದ್ದೆ ತಿನ್ನುತ್ತಾ ಅಂತ ಯಾರೋ ಗೊಣಗಿದ್ರಲ್ಲ, ಕೇಳಿಸ್ತು ನಂಗೆ. ತಿಂತಿತ್ತು ಕಣಪ್ಪ. ಮಾಂಸದ ಜೊತೆ ಮುದ್ದೆ ನಿನಗೆ ರುಚಿ, ಹುಲಿಗೆ ರುಚಿ ಇಲ್ವಾ?

ಮುದ್ದೆ ಒಂದು ಉಳೀತು ಅನ್ನಿ, ಯಾರೋ ಒಬ್ಬರು ಕಾಣೆಯಾಗಿದ್ದಾರೆ ಅಂತ ಅರ್ಥ. ಡೋಲು ಬಾರಿಸಿ ಹುಡುಕಬೇಕು. ಮುದ್ದೆ ಒಂದು ಸಾಲದೆ ಬಂತು ಅನ್ನಿ, ಯಾರೋ ಒಬ್ಬರು ಹೆಚ್ಚಾಗಿದ್ದಾರೆ ಅಂತ. ಆಗಲೂ ಡೋಲು. ಹೆಚ್ಚಾದವರನ್ನ ಹಿಡಿದು ಬಾಗಿಲಾಚೆ ಬಿಡಬೇಕು. ಇನ್ನೊಂದು ಮಾತು. ಮುದ್ದೆ ಮುರಿದು ಹಂಚಂಗಿಲ್ಲ. ಮುರಿದರೆ ಲೆಕ್ಕ ಎಲ್ಲಿ ಉಳಿಯುತ್ತೆ? ಪ್ರಾಣಿ ಒಂದೇ ಅಲ್ಲ, ಆ ತೋಪಲ್ಲಿ ಉಸಿರಾಡೋರೆಲ್ಲ ಈ ಲೆಕ್ಕಕ್ಕೆ ಸೇರಿದವರೇ. ಬಾಗಿಲು ಕಾಯೋ ಕೆಂಚಯ್ಯನಿಗೆ ಒಂದು. ಹುಣ್ಣಿಮೆ ಸಂಜೆ ರಾಜ ಬಂದು ಕೂತರೆ ರಾಜನಿಗೂ ಒಂದು. ಎಲ್ಲರದ್ದೂ ಮುಗಿದ ಮೇಲೆ ಕುಕ್ಕೆಯ ತಳದಲ್ಲಿ ಉಳಿಯೋ ಕಡೇ ಮುದ್ದೆ ದೇವೀರಮ್ಮನದು.

ಹೂಂ ಅನ್ರೋ. ಬಾಯಲ್ಲಿ ಅವರೆಕಾಳು ಇಟ್ಕೊಂಡಿದ್ದೀರಾ?

ಈ ದೇವೀರಮ್ಮ ಯಾರು? ಮಾವುತನ ಹೆಂಡತಿ. ಗಂಡ ಹೋದಾಗ ಅವಳಿಗೆ ಹೋಗಕ್ಕೆ ಊರಿಲ್ಲ, ಕರೆಯಕ್ಕೆ ಜನ ಇಲ್ಲ. ತೋಪಿನ ಗೋಡೆಗೆ ಒರಗಿಕೊಂಡು ಕೂತಿದ್ದಳು. ಆಗಿನ ದೊಡ್ಡ ರಾಜ ನೋಡಿ, ಒಳಗೆ ಬಾರಮ್ಮ, ಮುದ್ದೆ ತೊಳಸು, ನೀನೂ ಒಂದು ಉಣ್ಣು ಅಂದ. ಆವತ್ತು ಮುದ್ದೆಕೋಲು ಹಿಡಿದವಳು ಈವತ್ತಿಗೂ ಬಿಟ್ಟಿಲ್ಲ. ಒಲೆ ಹೊಗೆಗೆ ಕಣ್ಣು ಮಂಜಾಗಿದೆ, ಆದರೆ ಕೈಗೆ ಮುದ್ದೆಯ ಗಾತ್ರ ಗೊತ್ತು. ಉಗ್ರಾಣದಿಂದ ಅಳೆದು ಕೊಟ್ಟ ಹಿಟ್ಟಿಗೆ ಒಂದು ಮುದ್ದೆ ಹೆಚ್ಚೂ ಆಗಲ್ಲ, ಕಮ್ಮೀನೂ ಆಗಲ್ಲ.

ಹಿಂಗಿರಬೇಕಾದ್ರೆ ಒಂದು ಸಂಜೆ ದೇವೀರಮ್ಮ ಎಲ್ಲರಿಗೂ ಕೊಟ್ಟು, ಕಡೆಗೆ ಪಟ್ಟೆಕುದುರೆ ದೊಡ್ಡಿಗೂ ಕೊಟ್ಟು, ತನ್ನ ಮುದ್ದೆಗೆ ಕುಕ್ಕೆಯೊಳಗೆ ಕೈ ಹಾಕಿದಳು. ಕುಕ್ಕೆ ಖಾಲಿ. ಅಯ್ಯೋ, ಕಟ್ಟುವಾಗಲೇ ಕೈ ತಪ್ಪಿತೇನೋ ಅಂದ್ಕೊಂಡಳು. ಪಾತ್ರೆ ತಳ ಹಿಡಿದಿದ್ದನ್ನ ಕೆರೆದು ತಿಂದು ಮಲಗಿದಳು.

ಎರಡನೇ ಸಂಜೆ. ಕುಕ್ಕೆ ಖಾಲಿ. ಕೋತಿಗಳ ಮರದ ಕೆಳಗೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಮನೆಹಾಳರಾ, ನನ್ನ ಮುದ್ದೆ ಯಾವನು ಎತ್ತಿದ್ದು?" ಅಂತ ಬೈದಳು. ಕೋತಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಬೇರೆ ದಿನ ಕದ್ದಿದ್ದವು, ಅವತ್ತು ಪಾಪ ಕದ್ದಿರಲಿಲ್ಲ.

ಮೂರನೇ ಸಂಜೆ. ಅವತ್ತು ಮೋಡ ಕವಿದಿತ್ತು. ಬಿಸಿಲಿಲ್ಲ. ದೇವೀರಮ್ಮ ಪಟ್ಟೆಕುದುರೆಗಳಿಗೆ ಮುದ್ದೆ ನೀಡುತ್ತಾ ಬಂದಳು. ಒಂದು ಮೂತಿ ಬಂತು, ಕೊಟ್ಟಳು. ಇನ್ನೊಂದು ಮೂತಿ ಬಂತು, ಕೊಟ್ಟಳು. ಬೇಲಿ ಪಕ್ಕದಿಂದ ಮತ್ತೊಂದು ಮೂತಿ ಬಂತು. ಕೊಡೋಕೆ ಹೋದವಳು ಹಂಗೇ ನಿಂತಳು. ಇದರ ಮೈಮೇಲೆ ಪಟ್ಟೆಯೇ ಇಲ್ಲ.

ಹತ್ತಿರ ಹೋಗಿ ಮೈ ಸವರಿ ನೋಡಿದಳು. ಬೆನ್ನ ಮೇಲೆ ಹೊರೆ ಹೊತ್ತು ಹೊತ್ತು ಜಡ್ಡುಗಟ್ಟಿದ ಚರ್ಮ. ಮುಂಗಾಲಿಗೆ ಹಗ್ಗ ಕಟ್ಟಿದ ಗಾಯ. ಒಂದು ಕಣ್ಣಿಗೆ ಪೂರಾ ಪೊರೆ. ಅದೊಂದು ಕತ್ತೆ. ಅಗಸರ ಮುದಿ ಕತ್ತೆ. ಮೂಟೆ ಹೊರೋ ಶಕ್ತಿ ಹೋಯ್ತು ಅಂತ ಯಾರೋ ಕಾಡಿಗೆ ಅಟ್ಟಿದ್ದಾರೆ, ಮಳೆಗೆ ಗೋಡೆ ಕುಸಿದ ಜಾಗದಿಂದ ಇದು ಒಳಗೆ ನುಸುಳಿದೆ.

ಹಂಗಾದ್ರೆ ಎರಡು ದಿನ ಯಾಕೆ ಕಾಣಲಿಲ್ಲ ಅಂತೀರಾ? ಅಲ್ಲೇ ಇರೋದು ನೋಡಿ. ಆ ದೊಡ್ಡಿಗೆ ಪಡುವಣ ದಿಕ್ಕಿಗೆ ಬಿದಿರಿನ ಬೇಲಿ. ಸಂಜೆ ಬಿಸಿಲು ಬೇಲಿ ತೂರಿ ಬಂದರೆ ಗಳುಗಳ ನೆರಳು ಸಾಲಾಗಿ ಕತ್ತೆ ಮೈಮೇಲೆ ಬೀಳೋದು. ಕಪ್ಪು, ಬಿಳುಪು, ಕಪ್ಪು, ಬಿಳುಪು. ಕಿವಿ ಉದ್ದ ಕಾಣಲಿಲ್ವಾ ಅಂತೀಯೇನೇ ತಾಯಿ? ಆ ಮಂಜುಗಣ್ಣಿಗೆ ಅಷ್ಟು ಕಂಡರೆ ಅವಳ್ಯಾಕೆ ಎರಡು ದಿನ ಹಸಕೊಂಡಿರುತ್ತಿದ್ದಳು?

ಕಟ್ಟಳೆ ಪ್ರಕಾರ ಅವಳು ಏನು ಮಾಡಬೇಕು? ಕೆಂಚಯ್ಯನನ್ನ ಕೂಗಬೇಕು. ಕೂಗಕ್ಕೆ ಬಾಯೂ ತೆಗೆದಳು. ಕತ್ತೆ ಅವಳ ಸೆರಗಿಗೆ ಮೂತಿ ತಂದು ಇಟ್ಟು, ಉಸ್ ಅಂತ ಬಿಸಿ ಉಸಿರು ಬಿಟ್ಟಿತು. ಬಾಗಿಲಾಚೆ ಬಿಟ್ಟರೆ ಈ ಅರೆಗುರುಡು ಜೀವ ಒಂದು ರಾತ್ರಿ ಬಾಳುತ್ತಾ? ದೇವೀರಮ್ಮನಿಗೆ ತಾನು ಗೋಡೆಗೊರಗಿ ಕೂತ ದಿನ ನೆನಪಾಯ್ತು. ತೆಗೆದ ಬಾಯಿ ಮುಚ್ಚಿಕೊಂಡಳು. ಮುದ್ದೆ ಕತ್ತೆಯ ಬಾಯಿಗಿಟ್ಟಳು.

"ತಿನ್ನು ತಂಗಿ," ಅಂದಳು.

ತಂಗಿ ಅಂದುಬಿಟ್ಟಳು ನೋಡಿ. ಇನ್ನು ಆಚೆಗೆ ಅಟ್ಟೋದುಂಟಾ?

ಅವತ್ತಿನಿಂದ ಕಡೇ ಮುದ್ದೆ ತಂಗಿಗೆ. ದೇವೀರಮ್ಮನಿಗೆ ಪಾತ್ರೆ ತಳ ಕೆರೆದಿದ್ದು, ಮೇಲೊಂದು ಚೊಂಬು ನೀರು. ಉಗ್ರಾಣದಲ್ಲಿ ಇನ್ನೊಂದು ಹಿಡಿ ಹಿಟ್ಟು ಕೇಳಿದರೆ ಯಾಕೆ ಅಂತಾರೆ. ಕಾರಣ ಹೇಳಿದರೆ ಕತೆ ಮುಗೀತು. ಬೆಳಗ್ಗೆ ಕತ್ತೆಯನ್ನ ಮಲ್ಲಿಗೆ ಬಳ್ಳಿ ಮರೆಗೆ ಬಿಡೋಳು, ಸಂಜೆ ಬಿಸಿಲಿಗೆ ಸರಿಯಾಗಿ ಬೇಲಿ ಪಕ್ಕ ತಂದು ನಿಲ್ಲಿಸೋಳು. ಪಟ್ಟೆಕುದುರೆಗಳು ಏನೂ ಅನ್ನಲಿಲ್ಲ. ಒಂದು ಮರಿಯಂತೂ ಅದರ ಹೊಟ್ಟೆ ಕೆಳಗೇ ಮಲಗೋದು.

ದಿನ ಕಳೀತಾ ದೇವೀರಮ್ಮನ ಹಿತ್ತಾಳೆ ಬಳೆ ಮೊಣಕೈವರೆಗೂ ಸರಿದಾಡೋಕೆ ಶುರುವಾಯ್ತು. ಬಾಗಿಲ ಕೆಂಚಯ್ಯ ನೋಡಿದ.

"ಏನಕ್ಕಾ, ಇಷ್ಟು ಸೊರಗಿದ್ದೀಯ? ಜ್ವರ ಗಿರ ಏನಾದ್ರೂ?"

"ವಯಸ್ಸಾಯ್ತಲ್ಲಪ್ಪ."

"ನಿಂಗೆ ಹೋದ ಹುಣ್ಣಿಮೇಲಿ ಇಲ್ಲದ ವಯಸ್ಸು ಈ ಹುಣ್ಣಿಮೆಗೆ ಬಂತಾ? ನನ್ನ ಹತ್ರ ಆಟ ಆಡಬೇಡ. ಬೇಲಿ ಪಕ್ಕ ಇರೋ ಆ ಪಟ್ಟೆಕುದುರೆ ಮೊನ್ನೆ ಬೆಳಗ್ಗೆ ಕತ್ತೆ ದನೀಲಿ ಅರಚಿತು. ನಾನು ಕೇಳಿಸ್ಕೊಂಡೆ."

ದೇವೀರಮ್ಮ ನೆಲ ನೋಡಿದಳು. "ಕೆಂಚಯ್ಯ, ನೀನು ಡೋಲು ಬಾರಿಸ್ತೀಯಾ?"

"ರಾಜರು ಕೇಳೋವರೆಗೂ ಬಾರಿಸಲ್ಲ ಅಕ್ಕ. ಕೇಳಿದರೆ ಮಾತ್ರ ನನ್ನ ಕೈಲಿ ಸುಳ್ಳು ಹೇಳಿಸಬೇಡ. ಅವರ ಉಪ್ಪು ತಿಂದೋನು ನಾನು."

ಬಂತಪ್ಪ ಹುಣ್ಣಿಮೆ. ರಾಜ ಬಂದ. ಪದ್ಧತಿಯಂತೆ ಪಟ್ಟೆಕುದುರೆ ದೊಡ್ಡಿ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕೂತ. ಮುತ್ತುಗದೆಲೆ ಮೇಲೆ ಅವನಿಗೊಂದು ಮುದ್ದೆ ಬಂತು. ರಾಜ ಮೂರು ಮಾತು ಕೇಳಬೇಕು, ದೇವೀರಮ್ಮ ಮೂರಕ್ಕೂ ಉತ್ತರ ಹೇಳಬೇಕು, ಆಮೇಲೆ ರಾಜ ತುತ್ತು ಮುರೀಬೇಕು. ದೇವೀರಮ್ಮ ಪಡುವಣಕ್ಕೆ ನೋಡಿದಳು. ಬಿಸಿಲು ಇದೆ. ತಂಗಿ ಮೈಮೇಲೆ ಪಟ್ಟೆ ಇದೆ. ಬೇಗ ಕೇಳಿ ಬೇಗ ಹೋದರೆ ಸಾಕು ಅಂದ್ಕೊಂಡಳು.

ಬೇಗ ಕೇಳಿದನಾ? ಇಲ್ಲ. ಆನೆ ಹೆಂಗಿದೆ, ಕರಡಿ ಕಾಲುನೋವು ವಾಸಿಯಾಯ್ತಾ, ಗಿಣಿ ಹೊಸ ಮಾತು ಕಲೀತಾ, ಎಲ್ಲ ವಿಚಾರಿಸಿದ. ಪ್ರೀತಿ ಇರೋ ಮನುಷ್ಯ, ಏನು ಮಾಡೋದು? ಹೊತ್ತು ಜಾರುತ್ತಾ ಜಾರುತ್ತಾ ಗುಡ್ಡದ ಹತ್ತಿರ ಬಂತು.

"ದೇವೀರಮ್ಮ, ಮುದ್ದೆ ಉಳೀತಾ?"

"ಇಲ್ಲ ಬುದ್ಧಿ."

"ಮುದ್ದೆ ಸಾಲದೆ ಬಂತಾ?"

ಅವಳು ಬೇಲಿ ಕಡೆ ನೋಡಿದಳು. ಅಷ್ಟು ಹೊತ್ತಿಗೆ ಸೂರ್ಯ ಗುಡ್ಡದ ಹಿಂದಕ್ಕೆ ಇಳಿದ. ಬೇಲಿ ನೆರಳು ಹೋಯ್ತು. ರಾಜ ನೋಡ್ತಾ ನೋಡ್ತಾ ಇದ್ದಂಗೇ ಒಂದು ಪಟ್ಟೆಕುದುರೆ ಮೈಮೇಲಿನ ಪಟ್ಟೆಯೆಲ್ಲ ಅಳಿಸಿ ಹೋಯ್ತು. ರಾಜ ಕಣ್ಣುಜ್ಜಿಕೊಂಡ.

"ಅದ್ಯಾರು?"

"ಅವಳೂ ಇಲ್ಲಿಯವಳೇ ಬುದ್ಧಿ."

"ಇಲ್ಲಿಯವಳಾದ್ರೆ ಪಟ್ಟೆ ಎಲ್ಲಿ?"

ರಾಜ ಕೆಂಚಯ್ಯನ ಕಡೆ ತಿರುಗಿದ. ಕೆಂಚಯ್ಯ ತಲೆ ತಗ್ಗಿಸಿ, "ಕತ್ತೆ ಬುದ್ಧಿ. ಮುದಿ ಕತ್ತೆ. ಗೋಡೆ ಕುಸಿದಿತ್ತು, ಬಂತು," ಅಂದ.

ರಾಜನಿಗೆ ನಗು ಬಂತು, ಆದರೆ ನುಂಗಿಕೊಂಡ. ಕೆಟ್ಟವನಲ್ಲ ಅವನು. "ನೋಡು ದೇವೀರಮ್ಮ, ಒಂದಕ್ಕೆ ಬಾಗಿಲು ತೆಗೆದರೆ ಸೀಮೆಯ ಮುದಿ ದನವೆಲ್ಲ ಬಂದು ನಿಲ್ಲುತ್ತೆ. ಅಪ್ಪಾಜಿ ಕಟ್ಟಿದ ಕಟ್ಟಳೆ, ನಾನು ಮುರಿಯಲಾರೆ. ಹೆಚ್ಚಾದವರು ಆಚೆಗೆ. ಕೆಂಚಯ್ಯ, ಬಾಗಿಲು ತೆಗಿ."

ದೇವೀರಮ್ಮ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಕುಕ್ಕೆ ಕೆಳಗಿಟ್ಟಳು. ಮುದ್ದೆಕೋಲು ಅದರ ಮೇಲಿಟ್ಟಳು.

"ಆಗಲಿ ಬುದ್ಧಿ. ಕಟ್ಟಳೆ ಮುರೀಬೇಡಿ. ಆದರೆ ಹೆಚ್ಚಾದವರು ಯಾರು? ಯಾರಿಗೆ ಮುದ್ದೆ ಇಲ್ಲವೋ ಅವರು. ತಂಗಿ ತನ್ನ ಮುದ್ದೆ ಉಂಡಿದ್ದಾಳೆ, ಅವಳು ಲೆಕ್ಕಕ್ಕೆ ಸೇರಿದವಳು. ಈ ತೋಪಲ್ಲಿ ಉಣ್ಣದೆ ಇರೋಳು ನಾನೊಬ್ಬಳೇ."

ಹಂಗಂದವಳೇ ಸೆರಗು ಹೊದ್ದುಕೊಂಡು ಬಾಗಿಲ ಕಡೆ ಹೊರಟಳು.

ಹುಲಿ ಎದ್ದು ನಿಂತಿತು. ಕೋತಿಗಳು ಗದ್ದಲ ನಿಲ್ಲಿಸಿದವು. ಕೆಂಚಯ್ಯ ಅಗುಳಿ ಹಿಡಕೊಂಡು ನಿಂತ, ಅಗುಳಿ ತೆಗೀಬೇಕಾದ ಕೈ ತೆಗೀಲಿಲ್ಲ. ರಾಜ ಅವಳ ಬಳೆ ನೋಡಿದ. ಮೊಣಕೈಯಿಂದ ಮುಂಗೈಗೆ ಜಾರಿ ಬರೋ ಬಳೆ. ಅವನು ಚಿಕ್ಕವನಿದ್ದಾಗ ಇದೇ ಕೈ ಅವನಿಗೂ ಮುದ್ದೆ ತಿನ್ನಿಸಿತ್ತು.

"ಎಷ್ಟು ದಿನದಿಂದ ಉಂಡಿಲ್ಲ ನೀನು?"

"ನಂದು ನಾನು ಲೆಕ್ಕ ಇಟ್ಟಿಲ್ಲ ಬುದ್ಧಿ."

ರಾಜ ಎದ್ದ. ಎಲೆ ಸಮೇತ ತನ್ನ ಮುದ್ದೆ ಎತ್ತಿಕೊಂಡು ಹೋಗಿ ಅವಳ ಕೈಯಲ್ಲಿಟ್ಟ. "ಇದು ನನ್ನ ಅಪ್ಪಣೆ. ಇದು ಇನ್ನು ನಿನ್ನ ಮುದ್ದೆ. ಈಗ ನೀನೂ ಲೆಕ್ಕಕ್ಕೆ ಸೇರಿದವಳು, ಎಲ್ಲಿಗೂ ಹೋಗಂಗಿಲ್ಲ."

ದೇವೀರಮ್ಮ ಎಲೆ ಹಿಡಕೊಂಡು ನಿಂತಳು. ತುತ್ತು ಮುರೀಲಿಲ್ಲ. ರಾಜನ ಮುಖವನ್ನೇ ನೋಡಿದಳು. "ಹಂಗಾದ್ರೆ ತಾವು ಬುದ್ಧಿ?"

ರಾಜ ತನ್ನ ಬರಿಗೈ ನೋಡಿಕೊಂಡ. ಅವನ ಎಲೆ ಇಲ್ಲ, ಅವನ ಮುದ್ದೆ ಇಲ್ಲ. ಕೆಂಚಯ್ಯ ಉಪ್ಪು ತಿಂದ ಮನುಷ್ಯ, ಕಟ್ಟಳೆ ಗೊತ್ತಿದ್ದವನು. ಮೆಲ್ಲಗೆ ಕೇಳಿದ: "ಬಾಗಿಲು ತೆಗೀಲಾ ಬುದ್ಧಿ?"

ರಾಜ ಬಾಗಿಲ ಕಡೆ ನೋಡಿದ. ಬಾಗಿಲಾಚೆ ಕಾಡು ಕಪ್ಪಾಗ್ತಾ ಇತ್ತು. ಜನ್ಮದಲ್ಲಿ ಮೊದಲ ಸಲ ಅವನಿಗೆ, ಹೆಚ್ಚಾದವರು ಅನ್ನಿಸ್ಕೊಳ್ಳೋದು ಹೆಂಗಿರುತ್ತೆ ಅಂತ ತಿಳೀತು. ಕಣ್ಣಲ್ಲಿ ನೀರು ಬಂತು. ನಾಚಿಕೆ ಪಡದೆ ಒರೆಸಿಕೊಂಡ.

"ದೇವೀರಮ್ಮ, ಒಬ್ಬ ಹೆಚ್ಚಾಗಿದ್ದಾನೆ. ಏನು ಮಾಡ್ತೀಯ?"

ಅವಳು ಏನು ಮಾಡಿದಳು ಹೇಳಿ ನೋಡೋಣ. ಎರಡು ಕೈಯಲ್ಲಿ ಮುದ್ದೆ ಹಿಡಿದಳು, ಅರ್ಧಕ್ಕೆ ಮುರಿದಳು. ಅಷ್ಟು ವರ್ಷದಲ್ಲಿ ಯಾರೂ ಮುರೀದೇ ಇದ್ದ ಲೆಕ್ಕದ ಮುದ್ದೆ. ಒಳಗಿಂದ ಹಬೆ ಬಂತು.

"ಕೂತ್ಕೋ ಮಗ, ಆರಿಹೋಗುತ್ತೆ," ಅಂದಳು.

ರಾಜ ಚಪ್ಪಡಿ ಮೇಲೆ ಕೂರಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತ. ಒಂದೇ ಎಲೆಯಲ್ಲಿ ಇಬ್ಬರೂ ಉಂಡರು. ಕತ್ತೆ ಬಂದು ಇಬ್ಬರ ನಡುವೆ ಮೂತಿ ತೂರಿಸಿತು, ರಾಜ ಅದರ ಹಣೆ ಕೆರೆದ. ಕೇಳಬೇಕಾದ ಮೂರನೇ ಮಾತು ಹಂಗೇ ಉಳಿದಿತ್ತಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿದ.

"ಎಲ್ಲರೂ ಉಂಡರಾ?"

"ಎಲ್ಲರೂ ಉಂಡರು ಬುದ್ಧಿ."

ಮಾರನೇ ದಿನದಿಂದ ಉಗ್ರಾಣದವರು ಇಬ್ಬರ ಹಿಟ್ಟು ಹೆಚ್ಚಿಗೆ ಅಳೆದರು. ಒಂದು ತಂಗಿಯದು. ಇನ್ನೊಂದು ಯಾರದು ಅಂತ ಉಗ್ರಾಣದವರು ಕೇಳಿದರೆ, ಗೊತ್ತಿಲ್ಲ, ಅಳೆಯಿರಿ ಅಂದನಂತೆ ರಾಜ. ಹಂಗಾಗಿ ದಿನಾ ಸಂಜೆ ಕುಕ್ಕೆಯಲ್ಲಿ ಒಂದು ಮುದ್ದೆ ಉಳಿಯೋದು. ಡೋಲು ಬಾರಿಸೋರು ಯಾರೂ ಇಲ್ಲ. ದೇವೀರಮ್ಮ ಅದನ್ನ ಕೈಯಲ್ಲಿ ಹಿಡಿದು, ಗೋಡೆ ಕುಸಿದ ಜಾಗಕ್ಕೆ ಹೋಗಿ ನಿಂತು, ಕಾಡಿನ ಕಡೆ ಮುಖ ಮಾಡಿ ಕೂಗೋಳು.

"ಇನ್ನೂ ಯಾರಾದ್ರೂ ಇದ್ದೀರಾ?"

ಕೂಗಿ ಸ್ವಲ್ಪ ಹೊತ್ತು ಕಾಯೋಳು.

ಆ ತೋಪಲ್ಲಿ ದೀಪ ಹಚ್ಚಿದರು, ನನ್ನ ಕಥೆಗೆ ಮಂಗಳ ಆಯ್ತು. ಹೇಳಿದ ಬಾಯಿ ತಣ್ಣಗಿರಲಿ, ಕೇಳಿದ ಕಿವಿ ತಣ್ಣಗಿರಲಿ. ಏಳಿ ಇನ್ನು, ಸಿಪ್ಪೆ ಗುಡಿಸಿ ಹಸುವಿಗೆ ಹಾಕಿ.